ಪಟ್ಟಣದ ಬಂದೂಕು: ಚಕಮಕಿ, ರಂಜಕ ಮತ್ತು ಕಮ್ಮಾರನ ಅಮಾನತ್ತು

ಈ ತಿಂಗಳ ಜುಮಾ ಖುತ್ಬಾಗಳಲ್ಲಿ ಒಂದರ ವಿಷಯ, ಕೈಗೆತ್ತಿಕೊಂಡ ಕೆಲಸವನ್ನು ಚೊಕ್ಕವಾಗಿ ಮುಗಿಸುವುದು. ಕೆಲಸವೂ ಒಂದು ಅಮಾನತ್ತು, ಅದರಲ್ಲಿ ಕಳ್ಳತನ ಮಾಡಿದರೆ ಲೆಕ್ಕ ಕೊಡಬೇಕಾಗುತ್ತದೆ ಎಂದು ಖತೀಬರು ಹೇಳಿದ್ದನ್ನು ಸಾರಾಂಶದ ಪುಟಗಳಲ್ಲಿ ಓದುತ್ತೀರಿ. ಆ ಮಾತಿಗೆ ನಮ್ಮ ನೆಲದ ಚರಿತ್ರೆಯಿಂದಲೇ ಒಂದು ಉದಾಹರಣೆಯನ್ನು ಇಲ್ಲಿ ಮುಂದಿಡುತ್ತಿದ್ದೇವೆ. ಇನ್ನೂರಿಪ್ಪತ್ತೈದು ವರ್ಷಗಳ ಹಿಂದೆ ಶ್ರೀರಂಗಪಟ್ಟಣದಲ್ಲಿ ತಯಾರಾಗುತ್ತಿದ್ದ ಬಂದೂಕು, ಅದರ ಒಳಗಿನ ಯಂತ್ರ, ಅದರ ಜೊತೆಗಿನ ಸಾಮಾನು, ಅದನ್ನು ಮಾಡಿದ ಕೈಗಳು ಈ ಲೇಖನದ ವಿಷಯ.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ನಾವು ಹಜರತ್ ಟಿಪ್ಪು ಸುಲ್ತಾನ್ ಶಹೀದರ ಹೆಸರನ್ನು ದಿನವೂ ಕೇಳುತ್ತೇವೆ. ಜಯಂತಿಯ ಜಗಳದಲ್ಲಿ ಕೇಳುತ್ತೇವೆ, ಚುನಾವಣೆಯ ಭಾಷಣದಲ್ಲಿ ಕೇಳುತ್ತೇವೆ, ಮಕ್ಕಳ ಮೊಬೈಲಿನಲ್ಲೂ ಕೇಳುತ್ತೇವೆ. ಆದರೆ ಅವರ ಸಿಪಾಯಿ ಹೆಗಲ ಮೇಲೆ ಹೊತ್ತಿದ್ದ ಬಂದೂಕು ಹೇಗೆ ಸಿಡಿಯುತ್ತಿತ್ತು ಎಂದು ನಮ್ಮ ಮನೆಯ ಹುಡುಗನನ್ನು ಕೇಳಿದರೆ ಉತ್ತರ ಬರುವುದಿಲ್ಲ. ಹೊಗಳುವವರಿಗೂ ತೆಗಳುವವರಿಗೂ ಕೆಲಸದ ವಿವರ ಬೇಕಿಲ್ಲ. ನಮಗೆ ಬೇಕು.

ಮದ್ದು ಮತ್ತು ಮದ್ದೂರು

ಮೊದಲು ಮಾತುಗಳಿಂದಲೇ ಹೊರಡೋಣ. ಕನ್ನಡದಲ್ಲಿ ಕಾಯಿಲೆಗೆ ಕೊಡುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು. ಮನೆಯಲ್ಲಿ ದಖನಿ ಆಡುವವರು ಎರಡನೆಯದಕ್ಕೆ ಬಾರೂದ್ ಎನ್ನುತ್ತಾರೆ. ತೋಪು ತುರ್ಕಿ ಮಾತು. ತುಪಾಕಿಯೂ ತುರ್ಕಿ, ಫಾರ್ಸಿಗಳ ಕಡೆಯಿಂದ ಬಂದದ್ದು. ಬಂದೂಕು ಅರಬ್ಬಿಯ 'ಬುಂದುಕ್'ನಿಂದ ಬಂದಿದೆ. ಅದರ ಮೊದಲ ಅರ್ಥ ಒಂದು ಬಗೆಯ ದುಂಡನೆಯ ಕಾಯಿ, ಆಮೇಲೆ ಕಾಯಿಯ ಆಕಾರದ ಗುಂಡು, ಕೊನೆಗೆ ಗುಂಡು ಹಾರಿಸುವ ಆಯುಧ. ಇವೆಲ್ಲ ಕನ್ನಡಿಗರ ಬಾಯಲ್ಲಿ ನೂರಾರು ವರ್ಷ ಪಳಗಿ ಕನ್ನಡವೇ ಆಗಿವೆ. ಜೊತೆಗೆ ಅಚ್ಚಕನ್ನಡದ ಹೆಸರುಗಳೂ ಹುಟ್ಟಿಕೊಂಡವು. ಬಂದೂಕಿನ ಕೊಳವೆ ನಳಿಗೆಯಾಯಿತು. ಬೆಂಕಿ ಒಳಹೋಗುವ ಸಣ್ಣ ತೂತು ಕಿವಿಯಾಯಿತು. ನೆಗೆದು ಹೊಡೆಯುವ ಕಬ್ಬಿಣದ ತುಂಡು ಕುದುರೆಯಾಯಿತು.

ಮದ್ದೂರು ಎಂಬ ಹೆಸರೇ ಸುಲ್ತಾನರ ಮದ್ದಿನಿಂದ ಬಂತು ಎಂದು ನಮ್ಮಲ್ಲಿ ಕೆಲವರು ಅಭಿಮಾನದಿಂದ ಹೇಳುವುದುಂಟು. ಕೇಳಲು ಚೆನ್ನಾಗಿದೆ, ಆದರೆ ಒಪ್ಪಲಾಗದು. ಮದ್ದೂರಿನ ಉಗ್ರನರಸಿಂಹ ದೇವಾಲಯ ಹೊಯ್ಸಳರ ಕಾಲದ್ದೆಂದು ಹೇಳುತ್ತಾರೆ. ಊರಿನ ಹಳೆಯ ಹೆಸರು ಮರುದೂರು ಎಂದು ಗ್ಯಾಸೆಟಿಯರ್‌ಗಳು ದಾಖಲಿಸಿವೆ. ಊರು ಸುಲ್ತಾನರಿಗಿಂತ ನೂರಾರು ವರ್ಷ ಹಿಂದಿನದು. ಇಲ್ಲದ ಗೌರವವನ್ನು ಶಬ್ದದ ಆಟದಿಂದ ಕಟ್ಟಿಕೊಳ್ಳುವ ಅಗತ್ಯ ನಮಗಿಲ್ಲ. ನಿಜವಾಗಿ ನಡೆದದ್ದೇ ಸಾಕಷ್ಟಿದೆ.

ಬತ್ತಿಯ ಬಂದೂಕು

ಹದಿನಾರನೆಯ ಶತಮಾನದಿಂದ ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿದ್ದುದು ಬತ್ತಿಯ ಬಂದೂಕು. ಉದ್ದ ನಳಿಗೆ, ಮರದ ಹಿಡಿ, ನಳಿಗೆಯ ಬುಡದ ಪಕ್ಕದಲ್ಲಿ ಒಂದು ಸಣ್ಣ ಬಟ್ಟಲು. ಆ ಬಟ್ಟಲಿಗೆ ಹಾಕುವ ನುಣುಪಾದ ಮದ್ದಿಗೆ ರಂಜಕ ಎಂದು ಹೆಸರು. ಬಟ್ಟಲಿನಿಂದ ನಳಿಗೆಯೊಳಕ್ಕೆ ಕಿವಿ. ನೂಲಿನ ಹಗ್ಗವನ್ನು ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದರೆ ಅದು ಊದುಬತ್ತಿಯಂತೆ ಆರದೆ ನಿಧಾನವಾಗಿ ಉರಿಯುತ್ತದೆ. ಈ ಬತ್ತಿಯ ತುದಿಯನ್ನು ಹಾವಿನ ಹೆಡೆಯಂತಿರುವ ಕಬ್ಬಿಣದ ಚಿಮಟದಲ್ಲಿ ಸಿಕ್ಕಿಸುತ್ತಿದ್ದರು. ಕೆಳಗೆ ಬೆರಳಿನಿಂದ ಒತ್ತಿದರೆ ಚಿಮಟ ಬಾಗಿ ಕೆಂಡವನ್ನು ರಂಜಕಕ್ಕೆ ಮುಟ್ಟಿಸುತ್ತದೆ. ರಂಜಕ ಭಗ್ ಎಂದು ಹತ್ತಿ, ಕಿವಿಯ ಮೂಲಕ ಬೆಂಕಿ ಒಳಗೆ ಹೋಗಿ, ನಳಿಗೆಯ ಮದ್ದು ಸಿಡಿದು ಗುಂಡು ಹೊರಡುತ್ತದೆ.

ಯಂತ್ರ ಸರಳ. ಹಳ್ಳಿಯ ಕಮ್ಮಾರನೂ ಅದನ್ನು ಸರಿಮಾಡಬಲ್ಲ. ಉದ್ದ ನಳಿಗೆಯಾದ್ದರಿಂದ ಗುರಿಯೂ ಕೆಟ್ಟದ್ದಲ್ಲ. ಆದರೆ ತೊಂದರೆಗಳು ಬಹಳ. ಯುದ್ಧ ಶುರುವಾಗುವ ಮುಂಚಿನಿಂದಲೂ ಬತ್ತಿ ಉರಿಯುತ್ತಲೇ ಇರಬೇಕು. ಮಳೆ ಬಂದರೆ ಆರುತ್ತದೆ. ಕತ್ತಲಲ್ಲಿ ಅದರ ಕೆಂಡ ಶತ್ರುವಿಗೆ ದೂರದಿಂದಲೇ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ, ಸೊಂಟದಲ್ಲಿ ಮದ್ದು ಕಟ್ಟಿಕೊಂಡ ನೂರಾರು ಜನ ಕೈಯಲ್ಲಿ ಕೆಂಡ ಹಿಡಿದು ಒಬ್ಬರಿಗೊಬ್ಬರು ಹತ್ತಿರ ನಿಲ್ಲುವಂತಿಲ್ಲ. ಹಾಗಾಗಿ ಸಾಲುಗಟ್ಟಿ ಒಟ್ಟಿಗೆ ಗುಂಡು ಹಾರಿಸುವ ಕವಾಯತು ಈ ಬಂದೂಕಿಗೆ ಒಗ್ಗುತ್ತಿರಲಿಲ್ಲ.

ಚಕಮಕಿಯ ಬಂದೂಕು

ಈ ತೊಂದರೆಗಳಿಗೆ ಪರಿಹಾರವಾಗಿ ಬಂದದ್ದು ಚಕಮಕಿಯ ಬಂದೂಕು. ಬೆಂಕಿಪೊಟ್ಟಣ ಬರುವ ಮೊದಲು ನಮ್ಮ ಅಜ್ಜಿಯರ ಅಜ್ಜಿಯರು ಒಲೆ ಹೊತ್ತಿಸುತ್ತಿದ್ದ ಚಕಮಕಿ ಕಲ್ಲಿನ ತತ್ವವೇ ಇಲ್ಲಿಯದೂ. ಕುದುರೆಯ ಬಾಯಲ್ಲಿ ಚಕಮಕಿಯ ಚೂರೊಂದನ್ನು ತೊಗಲಿನ ತುಂಡು ಸುತ್ತಿ, ತಿರುಪಿನಿಂದ ಬಿಗಿದಿರುತ್ತಾರೆ. ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದರೆ ಒಳಗಿನ ಉಕ್ಕಿನ ಬಿಲ್ಲುಪಟ್ಟಿ ಬಾಗಿ ಬಿಗಿಯಾಗುತ್ತದೆ. ಅರ್ಧ ಎಳೆದರೆ ಒಂದು ಕಚ್ಚಿನಲ್ಲಿ ನಿಲ್ಲುತ್ತದೆ. ಆಗ ಬಂದೂಕು ಸಿಡಿಯುವುದಿಲ್ಲ, ಬಾರು ಮಾಡಲು ಇದೇ ಸುರಕ್ಷಿತ ಸ್ಥಿತಿ. ಪೂರ್ತಿ ಎಳೆದರೆ ಎರಡನೆಯ ಕಚ್ಚಿಗೆ ಬೀಳುತ್ತದೆ. ಬೆರಳಿನಿಂದ ಒತ್ತಿದೊಡನೆ ಕಚ್ಚು ಬಿಟ್ಟು ಕುದುರೆ ಮುಂದಕ್ಕೆ ನೆಗೆಯುತ್ತದೆ. ಎದುರಿಗೆ ನಿಂತಿರುವ ಉಕ್ಕಿನ ತಗಡಿಗೆ ಕಲ್ಲು ಉಜ್ಜಿ ಕಿಡಿ ಹಾರುತ್ತದೆ. ಆ ತಗಡೇ ರಂಜಕದ ಬಟ್ಟಲಿನ ಮುಚ್ಚಳ. ಪೆಟ್ಟು ಬಿದ್ದಾಗ ಅದು ತಾನಾಗಿ ಮುಂದಕ್ಕೆ ಮಗುಚಿ ಬಟ್ಟಲನ್ನು ತೆರೆಯುತ್ತದೆ. ಕಿಡಿ ಬೀಳಬೇಕಾದ ಕ್ಷಣದಲ್ಲೇ ಬಾಗಿಲು ತೆರೆಯಬೇಕು. ಹಿಂದೆ ಮುಂದೆ ಆದರೆ ಬಂದೂಕು ಕೈಕೊಡುತ್ತದೆ.

ಇಲ್ಲಿ ಕಮ್ಮಾರನ ನಿಜವಾದ ಪರೀಕ್ಷೆ ಇದೆ. ಬಿಲ್ಲುಪಟ್ಟಿ ಬಹಳ ಗಡುಸಾದರೆ ಮುರಿಯುತ್ತದೆ, ಬಹಳ ಮೆದುವಾದರೆ ಕಿಡಿ ಏಳುವುದಿಲ್ಲ. ಕೆಂಪಗೆ ಕಾಯಿಸಿ, ಅದ್ದಿ ತಣಿಸಿ, ಮತ್ತೆ ಬೆಂಕಿಯ ಹದ ನೋಡಿ ಸರಿಮಾಡಬೇಕು. ಮುಚ್ಚಳದ ತಗಡು ಗಡುಸಾದ ಉಕ್ಕಿನದೇ ಆಗಿರಬೇಕು, ಮೆದು ಕಬ್ಬಿಣ ಕಿಡಿ ಕೊಡುವುದಿಲ್ಲ. ಕುದುರೆಯ ಕಚ್ಚು ಕೂದಲೆಳೆಯಷ್ಟು ಸವೆದಿದ್ದರೂ ಬಂದೂಕು ಬೇಡದ ಹೊತ್ತಿನಲ್ಲಿ ಸಿಡಿದು ಹಿಡಿದವನ ಜೊತೆಗಾರನನ್ನೇ ಕೊಲ್ಲುತ್ತದೆ. ಮೇಲೆ ಬೆಳ್ಳಿಯ ಕೆತ್ತನೆ ಎಷ್ಟೇ ಇರಲಿ, ಒಳಗೆ ಯಾರ ಕಣ್ಣಿಗೂ ಬೀಳದ ಒಂದು ಕಚ್ಚಿನಲ್ಲಿ ಕಮ್ಮಾರನ ಪ್ರಾಮಾಣಿಕತೆ ಇರುತ್ತಿತ್ತು.

ಸಿಪಾಯಿಯ ಜೊತೆಗಿನ ಸಾಮಾನು

ಬಂದೂಕೊಂದೇ ಇದ್ದರೆ ಅದು ಬರೀ ದೊಣ್ಣೆ. ಅದರ ಜೊತೆಗೆ ಒಂದು ಪುಟ್ಟ ಸಂಸಾರವೇ ಬೇಕು. ಮದ್ದು ಒಣಗಿರಲು ಕೊಂಬು ಅಥವಾ ತೊಗಲಿನ ಬುರುಡೆ. ಪ್ರತಿ ಸಲವೂ ಒಂದೇ ಪ್ರಮಾಣ ಬೀಳಲು ಅಳತೆಯ ಕೊಳವಿ. ರಂಜಕಕ್ಕೆ ಬೇರೆಯೇ ಸಣ್ಣ ಡಬ್ಬಿ. ಸೀಸ ಕರಗಿಸಿ ಗುಂಡು ಎರೆಯಲು ಇಕ್ಕಳದಂಥ ಅಚ್ಚು. ನಳಿಗೆಯೊಳಗೆ ಮದ್ದನ್ನೂ ಗುಂಡನ್ನೂ ಒತ್ತಿ ಕೂರಿಸಲು ಗಜ ಎಂಬ ಉದ್ದ ಸಲಾಕಿ, ಅದರ ತುದಿಗೆ ಬಟ್ಟೆ ಸುತ್ತಿ ನಳಿಗೆ ಒರೆಸುವುದೂ ಉಂಟು. ಕಿವಿ ಕಟ್ಟಿಕೊಂಡರೆ ತೆಗೆಯಲು ತಂತಿಯ ಸೂಜಿ, ಬಟ್ಟಲಿನ ಮಸಿ ಒರೆಸಲು ಸಣ್ಣ ಕುಂಚ. ಇಪ್ಪತ್ತು ಮೂವತ್ತು ಹೊಡೆತಕ್ಕೆ ಚಕಮಕಿ ಮೊಂಡಾಗುವುದರಿಂದ ಬೇರೆ ಕಲ್ಲಿನ ಚೂರುಗಳು. ನಳಿಗೆಯ ತುದಿಗೆ ಸಿಕ್ಕಿಸುವ ಸಂಗೀನು, ಅಂದರೆ ಚೂಪಾದ ಬಾಕು. ಇದು ಬಂದೂಕನ್ನು ಭರ್ಜಿಯಾಗಿ ಮಾಡುತ್ತದೆ.

ಹದಿನೆಂಟನೆಯ ಶತಮಾನದ ಹೊತ್ತಿಗೆ ಕಾಗದದ ತೋಟಾ ಬಂದು ಕೆಲಸ ಚುರುಕಾಯಿತು. ಒಂದು ಹೊಡೆತಕ್ಕೆ ಬೇಕಾದ ಮದ್ದು, ಒಂದು ಗುಂಡು, ಎರಡನ್ನೂ ಕಾಗದದಲ್ಲಿ ಸುತ್ತಿಟ್ಟ ಪೊಟ್ಟಣ. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಚಿಟಿಕೆಯಷ್ಟನ್ನು ಬಟ್ಟಲಿಗೆ ಹಾಕಿ ಮುಚ್ಚಿ, ಉಳಿದದ್ದನ್ನು ನಳಿಗೆಗೆ ಸುರಿದು, ಕಾಗದ ಸಮೇತ ಗುಂಡನ್ನು ಹಾಕಿ ಗಜದಿಂದ ಒತ್ತುತ್ತಾನೆ. ಪಳಗಿದವನು ನಿಮಿಷಕ್ಕೆ ಎರಡು ಮೂರು ಸಲ ಹಾರಿಸಬಲ್ಲ. ಆದರೆ ನೂರು ಗಜ ದಾಟಿದರೆ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವುದು ಬಹುತೇಕ ಅದೃಷ್ಟದ ಮಾತು. ಆದ್ದರಿಂದಲೇ ನೂರಾರು ಜನ ಒಟ್ಟಿಗೆ ಹಾರಿಸುವುದು, ಅದಕ್ಕಾಗಿ ವರ್ಷಗಟ್ಟಲೆ ಕವಾಯತು ಮಾಡುವುದು ಅಗತ್ಯವಾಯಿತು. ಸುಲ್ತಾನರ ಕಾಲದಲ್ಲಿ ಮೀರ್ ಜೈನುಲ್ ಆಬಿದೀನ್ ಶೂಸ್ತರಿ ಬರೆದ 'ಫತ್‌ಹುಲ್ ಮುಜಾಹಿದೀನ್' ಇಂಥ ಕವಾಯತಿನ ಕೈಪಿಡಿಯೇ. ಯುರೋಪಿನ ಭಾಷೆಯ ಆಜ್ಞೆಗಳ ಜಾಗದಲ್ಲಿ ಫಾರ್ಸಿ, ತುರ್ಕಿ ಮಾತುಗಳನ್ನು ತಂದದ್ದು ಇದೇ ಸುಧಾರಣೆಯ ಭಾಗ.

ಮದ್ದಿನ ಮನೆ

ಮದ್ದಿನಲ್ಲಿ ಇರುವುದು ಮೂರೇ ಸಾಮಗ್ರಿ. ನೂರು ಪಾಲಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದ್ದಿಲು ಉರಿಯುತ್ತದೆ, ಗಂಧಕ ಬೇಗ ಹೊತ್ತಿಕೊಳ್ಳುವಂತೆ ಮಾಡುತ್ತದೆ, ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ತನ್ನೊಳಗಿನಿಂದಲೇ ಕೊಡುತ್ತದೆ. ಹೊರಗಿನ ಗಾಳಿ ಬೇಡವಾದ್ದರಿಂದಲೇ ಮುಚ್ಚಿದ ನಳಿಗೆಯೊಳಗೂ ಅದು ಸಿಡಿಯುತ್ತದೆ. ಪೆಟ್ಲುಪ್ಪು ಸಿಗುತ್ತಿದ್ದುದು ಹಳೆಯ ಊರುಗಳ, ದನದ ಕೊಟ್ಟಿಗೆಗಳ ಮಣ್ಣಿನಲ್ಲಿ. ಆ ಮಣ್ಣನ್ನು ನೀರಿನಲ್ಲಿ ಕಲಸಿ, ಸೋಸಿ, ತಿಳಿಯನ್ನು ಕುದಿಸಿ ಇಂಗಿಸಿದರೆ ಹರಳು ಕಟ್ಟುತ್ತದೆ. ಹೀಗೆ ಮಣ್ಣು ಸೋಸುತ್ತಿದ್ದವನ ಶ್ರಮವೂ ಆ ಬಂದೂಕಿನಲ್ಲಿತ್ತು, ಇದ್ದಿಲು ಸುಟ್ಟವನದೂ ಇತ್ತು. ಸುಲ್ತಾನರ ಸೈನ್ಯವೆಂದರೆ ನಮ್ಮ ಸಮುದಾಯದ್ದು ಮಾತ್ರ ಎಂದುಕೊಳ್ಳುವುದು ತಪ್ಪು. ಸೀಮೆಯ ಎಲ್ಲ ಜಾತಿಯವರ ಬೆವರು ಅದರಲ್ಲಿ ಸೇರಿದೆ.

ತಯಾರಾದ ಮದ್ದನ್ನು ಕಾಪಾಡುವುದು ಮಾಡುವುದಕ್ಕಿಂತ ಕಷ್ಟ. ತೇವ ತಾಗಿದರೆ ಕೆಡುತ್ತದೆ, ಕಿಡಿ ತಾಗಿದರೆ ಊರೇ ಹೋಗುತ್ತದೆ. ಶ್ರೀರಂಗಪಟ್ಟಣದಲ್ಲಿ ಇಂದಿಗೂ ಅಲ್ಲಲ್ಲಿ ನಿಂತಿರುವ ಮದ್ದಿನ ಮನೆಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ಇಟ್ಟಿಗೆ, ಗಾರೆಯ ದಪ್ಪ ಗೋಡೆ, ಕಮಾನಿನ ಚಾವಣಿ, ಒಂದಷ್ಟು ಭಾಗ ನೆಲದೊಳಗೆ. ಒಳಗೆ ತಂಪು; ಹೊರಗಿನ ಗುಂಡು ತಾಗುವುದು ಕಷ್ಟ. ಬೆಂಗಳೂರು ಮೈಸೂರು ರೈಲು ಜೋಡಿ ಹಳಿಗೆ ಇವುಗಳಲ್ಲೊಂದು ಅಡ್ಡವಾದಾಗ ಅದನ್ನು ಒಡೆಯದೆ, 2017ರ ಮಾರ್ಚಿಯಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಎತ್ತಿ, ಸುಮಾರು ನೂರು ಮೀಟರು ದೂರಕ್ಕೆ ಸರಿಸಿ ಕೂರಿಸಿದರು. ಸರಿಸಿದರೂ ಬಿರುಕು ಬಿಡದ ಆ ಗಾರೆಯ ಕೆಲಸಕ್ಕೆ ಬೇರೆ ಪ್ರಶಸ್ತಿ ಪತ್ರ ಬೇಕಿಲ್ಲ.

ಅಪಾಯ ಎಂಥದ್ದೆಂಬುದಕ್ಕೆ ಸಾಕ್ಷಿಯೂ ಅದೇ ಊರಿನಲ್ಲಿದೆ. 1799ರ ಮೇ 2ರಂದು, ಕೋಟೆ ಬೀಳುವ ಎರಡು ದಿನ ಮೊದಲು, ಇಂಗ್ಲಿಷರ ಗುಂಡೊಂದು ಬಾಣಗಳನ್ನಿಟ್ಟಿದ್ದ ಉಗ್ರಾಣಕ್ಕೆ ತಗುಲಿ ಭಾರೀ ಸ್ಫೋಟವಾಯಿತು.

ಪಟ್ಟಣದ ಕಾರ್ಖಾನೆ

ಹೈದರಲಿ ಖಾನರ ಕಾಲದಲ್ಲೇ ಮೈಸೂರು ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿಕೊಂಡಿತ್ತು. ಸುಲ್ತಾನರು ಇದನ್ನು ದೊಡ್ಡದು ಮಾಡಿದರು. ಕಾನ್‌ಸ್ಟಾಂಟಿನೋಪಲ್‌ಗೆ ಕಳಿಸಿದ ರಾಯಭಾರಿಗಳ ಕೈಯಲ್ಲೂ, ಫ್ರಾನ್ಸಿಗೆ ಕಳಿಸಿದವರ ಕೈಯಲ್ಲೂ ಅವರು ಕೇಳಿಸಿದ್ದು ಸೈನಿಕರನ್ನು ಮಾತ್ರವಲ್ಲ, ಕೆಲಸ ಬಲ್ಲವರನ್ನು. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಸೈನ್ಯದ ನೆರವು ಸಿಗಲಿಲ್ಲ; ಕೆಲವು ಕುಶಲಕರ್ಮಿಗಳು ಮಾತ್ರ ಜೊತೆಗೆ ಬಂದರು.

ಹೊರಗಿನವರಿಂದ ಕಲಿತರೂ ಬಂದೂಕಿನ ಮೇಲೆ ಬಿದ್ದ ಮುದ್ರೆ ಪಟ್ಟಣದ್ದೇ. ಉಳಿದಿರುವ ಬಂದೂಕುಗಳ ಮೇಲೆ ಫಾರ್ಸಿಯಲ್ಲಿ 'ಪಟನ್' ಎಂಬ ಊರ ಹೆಸರು, ಕೆಲವುಗಳ ಮೇಲೆ ಕೆಲಸಗಾರನ ಹೆಸರೂ ಇದೆ. ಅವರಲ್ಲಿ ಅಸದ್ ಅಮೀನ್ ಎಂಬವರ ಹೆಸರು ಆಯುಧ ಸಂಗ್ರಹಕಾರರಲ್ಲಿ ಇಂದಿಗೂ ಪ್ರಸಿದ್ಧ. ಅರಸನ ಹೆಸರಿನ ಜೊತೆಗೆ ಕಮ್ಮಾರನ ಹೆಸರೂ ಲೋಹದಲ್ಲಿ ಉಳಿದಿದೆ. ನಳಿಗೆಯ ಮೇಲೆ 'ಹೈದರ್' ಎಂಬ ಹೆಸರಿನ ಅಕ್ಷರಗಳನ್ನು ನಾಲ್ಕು ಮನೆಗಳಲ್ಲಿ ಹಂಚಿದ ಒಂದು ಮುದ್ರೆ, ಹುಲಿಯ ಪಟ್ಟೆ, ಕೆಲವು ಶ್ರೀಮಂತ ಬಂದೂಕುಗಳಲ್ಲಿ ಕುದುರೆಯೇ ಹುಲಿಯ ಆಕಾರ. ಇಸವಿಯೂ ನಮಗೆ ಆಸಕ್ತಿಯದು. ಸುಲ್ತಾನರು ಹಿಜರಿಯ ಬದಲು ಪ್ರವಾದಿವರ್ಯರ (ಸ) ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಜಾರಿಗೆ ತಂದಿದ್ದರು. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮೌಲೂದಿ 1222 ಎಂದರೆ ಕ್ರಿ.ಶ. 1793-94ರ ಸುಮಾರು.

ಕೋಟೆ ಬಿದ್ದ ಮೇಲೆ ಇಂಗ್ಲಿಷರು ಮಾಡಿದ ಪಟ್ಟಿಯಲ್ಲಿ 929 ತೋಪುಗಳೂ ಸುಮಾರು 99,000 ಬಂದೂಕುಗಳೂ ಇದ್ದವು. ಸಣ್ಣ ಆಯುಧ ತಯಾರಿಸುವ ಮನೆಗಳು, ತೋಪು ಎರೆಯುವ ಮನೆಗಳು, ನಳಿಗೆ ಕೊರೆಯುವ ಯಂತ್ರಗಳಿದ್ದ ಮೂರು ಕಟ್ಟಡಗಳು ಬೇರೆ. 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಒಂದು ಸಂಗತಿ ಬರೆದಿದ್ದಾನೆ: ತೋಪು ಕೊರೆಯಲು ಫ್ರೆಂಚನೊಬ್ಬ ನೀರಿನಿಂದ ತಿರುಗುವ ಯಂತ್ರ ಮಾಡಿಕೊಟ್ಟ, ಸುಲ್ತಾನರು ನೀರು ನಿಲ್ಲಿಸಿ ಎತ್ತು ಕಟ್ಟಿಸಿದರು. ಇದನ್ನು ಅವನು ಸುಲ್ತಾನರ ಅಜ್ಞಾನವೆಂದು ಹೇಳುತ್ತಾನೆ. ಬುಕಾನನ್ ಕಂಪನಿಯ ನೌಕರ, ಸೋತವರ ಬಗ್ಗೆ ಗೆದ್ದವರ ಮಾತನ್ನು ಅಳೆದು ತೂಗಿ ಓದಬೇಕು. ಆದರೆ ಕೊರೆಯುವ ಯಂತ್ರ ಇತ್ತು, ಅದು ತಿರುಗುತ್ತಿತ್ತು ಎಂಬುದನ್ನು ಅವನ ಟೀಕೆಯೇ ಖಚಿತಪಡಿಸುತ್ತದೆ.

ಕಬ್ಬಿಣದ ಬಾಣ

ಮೈಸೂರಿನ ಹೆಸರನ್ನು ಜಗತ್ತಿಗೆ ಕೊಂಡೊಯ್ದದ್ದು ಬಾಣ, ಅಂದರೆ ಇಂದಿನ ರಾಕೆಟ್ಟು. ಯುರೋಪಿನಲ್ಲಿ ಆಗ ಬಾಣದ ಕೊಳವೆ ಕಾಗದದ್ದೋ ರಟ್ಟಿನದೋ ಆಗಿರುತ್ತಿತ್ತು. ಮೈಸೂರಿನವರು ಮದ್ದನ್ನು ಮೆದು ಕಬ್ಬಿಣದ ಕೊಳವೆಗೆ ತುಂಬಿ, ಉದ್ದ ಬಿದಿರಿಗೆ ತೊಗಲಿನ ಪಟ್ಟಿಯಿಂದ ಕಟ್ಟಿದರು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ, ಆದ್ದರಿಂದ ಬಾಣ ಹೆಚ್ಚು ದೂರ ಹೋಗುತ್ತದೆ. ಒಂದು ಕಿಲೋಮೀಟರಿಗೂ ಮೀರಿ ಹೋಗುತ್ತಿತ್ತು. ಬಾಣದಾರರ ತಂಡಗಳು ಸೈನ್ಯದ ಪ್ರತಿ ಕುಶೂನ್‌ನ ಜೊತೆ ಇರುತ್ತಿದ್ದವು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಮದ್ದಿನ ಬಂಡಿಗಳು ಸಿಡಿದು ಅವನ ಸೈನ್ಯ ಸೆರೆಯಾಯಿತು. ಆ ಯುದ್ಧದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಇಂದಿಗೂ ಇದೆ. ಸಾಲುಗಟ್ಟಿದ ಬಂದೂಕಿನವರನ್ನೂ, ಸಿಡಿಯುತ್ತಿರುವ ಬಂಡಿಯನ್ನೂ ಮಕ್ಕಳಿಗೆ ಬೆರಳಿಟ್ಟು ತೋರಿಸಬಹುದು.

ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರ ಹೂಳು ತೆಗೆಯುವಾಗ ಇಂಥ ಕಬ್ಬಿಣದ ಬಾಣದ ಕೊಳವೆಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ಕೋಟೆ ಬಿದ್ದ ಮೇಲೆ ಇಂಗ್ಲೆಂಡಿಗೆ ಹೋದ ಬಾಣಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ. ನಮ್ಮ ರಾಷ್ಟ್ರಪತಿಗಳಾಗಿದ್ದ ಡಾ. ಎ.ಪಿ.ಜೆ. ಅಬ್ದುಲ್ ಕಲಾಮ್ ಅವರು ಅಮೆರಿಕದ ನಾಸಾ ಕೇಂದ್ರವೊಂದರಲ್ಲಿ ಮೈಸೂರಿನ ಬಾಣದಾರರ ಚಿತ್ರ ಕಂಡು ಅಚ್ಚರಿಪಟ್ಟದ್ದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಮಳವಳ್ಳಿಯ ಬಯಲು

ಇಷ್ಟೆಲ್ಲ ಇದ್ದೂ ಸೋತದ್ದೇಕೆ? ಈ ಪ್ರಶ್ನೆಯನ್ನು ತಪ್ಪಿಸಿಕೊಂಡರೆ ಚರಿತ್ರೆ ಓದಿ ಪ್ರಯೋಜನವಿಲ್ಲ.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆಯವರೆಗೆ ಬಂದು ಗೆದ್ದರೂ, ಮಳೆ, ಹಸಿವು, ಎತ್ತುಗಳ ಸಾವಿನಿಂದ ಕಂಗೆಟ್ಟು ತನ್ನ ಭಾರೀ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಶತ್ರುವಿಗೆ ಮೇವು, ಧಾನ್ಯ ಸಿಗದಂತೆ ದಾರಿಯ ಊರುಗಳನ್ನು ಸುಲ್ತಾನರ ಕಡೆಯವರೇ ಬರಿದು ಮಾಡಿದ್ದರು. ಅದು ಯುದ್ಧತಂತ್ರವಾಗಿ ಫಲಿಸಿತು. ಆದರೆ ಬರಿದಾದದ್ದು ನಮ್ಮದೇ ಸೀಮೆಯ ರೈತರ ಕಣಜ ಎಂಬುದನ್ನೂ ಮರೆಯಬಾರದು. ಮರುವರ್ಷ ಕಂಪನಿ, ನಿಜಾಮ, ಮರಾಠರು ಒಟ್ಟಾಗಿ ಬಂದರು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಪುಟ್ಟ ಮಕ್ಕಳನ್ನು ಒತ್ತೆ ಕೊಡಬೇಕಾಯಿತು.

1799ರ ಮಾರ್ಚಿಯಲ್ಲಿ ಹ್ಯಾರಿಸನ ಸೈನ್ಯ ಮತ್ತೆ ಬಂತು. ಸುಲ್ತಾನರು ಮದ್ದೂರಿನ ಹೊಳೆಯ ದಂಡೆಯಲ್ಲಿ ಬೀಡುಬಿಟ್ಟು, ಆ ಜಾಗ ಬಿಟ್ಟು, ಮಾರ್ಚ್ 27ರಂದು ಮಳವಳ್ಳಿಯ ಹತ್ತಿರ ಎದುರಾದರು. ಮೈಸೂರಿನ ಕಾಲ್ದಳದ ಒಂದು ದೊಡ್ಡ ಪಡೆ ಸಾಲು ಕೆಡದೆ ನಡೆದು ಇಂಗ್ಲಿಷರ 33ನೇ ರೆಜಿಮೆಂಟಿನ ಮೇಲೆ ಹೋಯಿತು. ಆ ಎಡಭಾಗದ ನಾಯಕ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಅವರು ಹತ್ತಿರ ಬರುವವರೆಗೆ ಗುಂಡು ಹಾರಿಸದೆ ಕಾದು, ಒಮ್ಮೆಲೇ ಹಾರಿಸಿ, ಸಂಗೀನು ಹಿಡಿದು ನುಗ್ಗಿದರು. ಬೆನ್ನಿಗೆ ಅವರ ಕುದುರೆ ಸವಾರರು ಬಂದರು. ಎರಡೂ ಕಡೆಯ ಬಂದೂಕು ಹೆಚ್ಚು ಕಡಿಮೆ ಒಂದೇ ಬಗೆಯದು, ಒಂದೇ ಚಕಮಕಿ, ಒಂದೇ ಸೀಸ. ಆ ದಿನ ವ್ಯತ್ಯಾಸ ಮಾಡಿದ್ದು ಕಾಯುವ ಸಹನೆ. ಅದರ ಹಿಂದೆ ಇದ್ದದ್ದು ತಿಂಗಳು ತಿಂಗಳು ತಪ್ಪದ ಸಂಬಳ, ಸಮುದ್ರದಾಚೆಯಿಂದ ಬರುವ ಹಣ, ಜೊತೆಗೆ ನಿಂತ ನಿಜಾಮನ ಸೈನ್ಯ. ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಬಾಣ ಮತ್ತು ಬಂದೂಕಿನ ಹೊಡೆತಕ್ಕೆ ಅದೇ ವೆಲ್ಲೆಸ್ಲಿಯ ಪಡೆ ಕತ್ತಲಲ್ಲಿ ದಿಕ್ಕೆಟ್ಟು ಹಿಂದೆ ಸರಿದದ್ದೂ ನಿಜ. ಆದರೆ ಒಂದು ರಾತ್ರಿಯ ಗೆಲುವು ಅರ್ಧ ರಾಜ್ಯ ಕಳೆದುಕೊಂಡ ಬಲಹೀನತೆಯನ್ನು ತುಂಬಲಾರದು. ಮೇ 4ರಂದು ಕೋಟೆ ಬಿತ್ತು. ಹತ್ತಿರದಿಂದ ಹಾರಿಸಿದ ಬಂದೂಕಿನ ಗುಂಡು ಕಪಾಲಕ್ಕೆ ತಗುಲಿ ಸುಲ್ತಾನರು ಶಹೀದರಾದರು.

ಆ ಗುಂಡು ಹಾರಿಸಿದ ಇಂಗ್ಲಿಷ್ ಸಿಪಾಯಿ ಯಾರೆಂದು ಆತನ ಕಡೆಯವರಿಗೇ ಗೊತ್ತಾಗಲಿಲ್ಲ. ಇನ್ನೂರು ವರ್ಷ ಕಳೆದ ಮೇಲೆ ನಮ್ಮ ಜಿಲ್ಲೆಯಲ್ಲೇ ಬೇರೆ ಇಬ್ಬರ ಹೆಸರು ಎದ್ದಿತು, ಸಿನಿಮಾ ಮಾಡುವ ಮಾತೂ ಬಂತು. 2023ರ ಮಾರ್ಚಿಯಲ್ಲಿ ಆದಿಚುಂಚನಗಿರಿ ಮಠದ ಶ್ರೀ ನಿರ್ಮಲಾನಂದನಾಥ ಸ್ವಾಮೀಜಿಯವರು ಇದಕ್ಕೆ ಆಧಾರವಿಲ್ಲ, ಬಿಟ್ಟುಬಿಡಿ ಎಂದು ತಿಳಿಹೇಳಿದರು, ಸಿನಿಮಾ ನಿಂತಿತು. ಆ ಮಾತಿಗೆ ನಾವು ಋಣಿಗಳು. ಅದೇ ಅಳತೆಗೋಲು ನಮಗೂ ಅನ್ವಯಿಸುತ್ತದೆ. ಆಧಾರವಿಲ್ಲದ ಕಥೆ ನಮ್ಮ ವಿರುದ್ಧ ಬಂದಾಗ ನೋವಾಗುವುದಾದರೆ, ಆಧಾರವಿಲ್ಲದ ಕಥೆ ನಮ್ಮ ಪರವಾಗಿ ಬಂದಾಗಲೂ ಬೇಡ ಎನ್ನುವ ಧೈರ್ಯ ಬೇಕು. ಮದ್ದೂರಿನ ಹೆಸರಿನ ವಿಷಯ ಎತ್ತಿದ್ದು ಅದಕ್ಕಾಗಿಯೇ. ಪಟ್ಟಣದ ಬಂದೂಕಿನ ಎದುರು ನಿಂತವರಲ್ಲಿ ಇಂಗ್ಲಿಷರು ಮಾತ್ರವಲ್ಲ, ಕೊಡಗಿನವರೂ ಮಲಬಾರಿನವರೂ ಇದ್ದರು, ಅವರ ಮನೆಗಳಲ್ಲಿ ಬೇರೆಯೇ ನೆನಪಿದೆ ಎಂಬುದನ್ನೂ ಒಪ್ಪಿಕೊಂಡೇ ನಾವು ಈ ಕಮ್ಮಾರರ ಹೊಗಳಿಕೆ ಬರೆಯಬೇಕು.

ಕಬ್ಬಿಣ ಮತ್ತು ಲಾಭ

ಪವಿತ್ರ ಕುರ್‌ಆನಿನ ಒಂದು ಅಧ್ಯಾಯದ ಹೆಸರೇ ಹದೀದ್, ಕಬ್ಬಿಣ. ಅದರಲ್ಲಿ ಕಬ್ಬಿಣಕ್ಕೆ ಎರಡು ಗುಣಗಳ ಉಲ್ಲೇಖವಿದೆ: ಒಂದು ಅದರ ಕಠಿಣ ಬಲ, ಇನ್ನೊಂದು ಜನರಿಗೆ ಅದರಿಂದ ಆಗುವ ಉಪಯೋಗ. ಪ್ರವಾದಿ ದಾವೂದ್ (ಅ) ಅವರಿಗೆ ಕವಚ ಮಾಡುವ ವಿದ್ಯೆಯನ್ನು ಕಲಿಸಿದ ಸಂದರ್ಭದಲ್ಲೂ ಕೊಂಡಿಗಳ ಅಳತೆ ಸರಿಯಿರಬೇಕೆಂಬ ಎಚ್ಚರಿಕೆ ಇದೆ. ಪ್ರವಾದಿಯೇ ಆದರೂ ಅಳತೆ ತಪ್ಪುವಂತಿಲ್ಲ.

ಪಟ್ಟಣದ ಬಂದೂಕುಗಳಲ್ಲಿ ಅನೇಕವು ಇಂದು ಇಂಗ್ಲೆಂಡಿನ ಸಂಗ್ರಹಾಲಯಗಳಲ್ಲಿ, ಶ್ರೀಮಂತರ ಮನೆಗಳಲ್ಲಿವೆ. 2015ರಲ್ಲಿ ಲಂಡನ್ನಿನ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ ಸುಲ್ತಾನರ ಕಾಲದ ಕತ್ತಿ, ಬಂದೂಕು ಮುಂತಾದ 30 ವಸ್ತುಗಳು ಅರವತ್ತು ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋದವು. ಆ ಬೆಲೆ ಸಿಂಹಾಸನಕ್ಕಷ್ಟೇ ಸಂದದ್ದಲ್ಲ. ಯಾರೂ ನೋಡದ ಕಚ್ಚನ್ನೂ ಸರಿಯಾಗಿ ಉಜ್ಜಿದ ಕೈಗಳಿಗೂ ಸಂದದ್ದು.

ನಮ್ಮ ಮನೆಗಳಲ್ಲಿ ಇಂದು ಮೆಕ್ಯಾನಿಕ್ಕುಗಳಿದ್ದಾರೆ, ವೆಲ್ಡಿಂಗ್ ಮಾಡುವವರಿದ್ದಾರೆ, ಲೇತ್ ಓಡಿಸುವವರಿದ್ದಾರೆ, ಐಟಿಐಯಲ್ಲಿ ಓದುವ ಹುಡುಗರಿದ್ದಾರೆ. 'ಬರೀ ಗ್ಯಾರೇಜು ಕೆಲಸ' ಎಂದು ಅವರನ್ನು ಮನೆಯವರೇ ಕಡೆಗಣಿಸುವುದುಂಟು. ಅಸದ್ ಅಮೀನರ ಕೆಲಸವೂ ಅದೇ ಜಾತಿಯದು. ಈ ರಜೆಯಲ್ಲಿ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ಯಿರಿ. ಗುಂಬಜಿನಲ್ಲಿ ಫಾತಿಹಾ ಓದಿದ ಮೇಲೆ ರೈಲು ಹಳಿಯ ಪಕ್ಕದ ಮದ್ದಿನ ಮನೆಯನ್ನೂ ತೋರಿಸಿ. ಗೋಡೆಯ ದಪ್ಪ ಅಳೆಯಲು ಹೇಳಿ, ಅದೇಕೆ ಅಷ್ಟು ದಪ್ಪ ಎಂದು ಕೇಳಿ. ಉತ್ತರ ಹೇಳಬಲ್ಲ ಮಗುವಿಗೆ ಬೀದಿಯ ಕಿರುಚಾಟ ಸುಲಭವಾಗಿ ತಗುಲುವುದಿಲ್ಲ.

ನಮ್ಮ ಕೈಗಳಿಗೆ ಹುನರನ್ನೂ, ನಾಲಗೆಗೆ ಸತ್ಯವನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.